ಕಿವಿಯ ಹಿಂದಿನ ಕರೆಂಟಿಗೆ ಒಬ್ಬ ಸೋದರಮಾವನ ದೂರು

ಮಾನ್ಯರೇ,

ಎಂಟು ವಾರ ನನ್ನ ಸೊಂಟದ ಪಟ್ಟಿಗೆ ಜೋತುಬಿದ್ದು, ಎರಡು ತಂತಿ ಎರಡು ಬಿಲ್ಲೆಗಳ ಮೂಲಕ ನನ್ನ ಕಿವಿಗಳ ಹಿಂದೆ ಅಂಟಿಕೊಂಡಿದ್ದು, ಈಗ ಆಸ್ಪತ್ರೆಯ ಕಪಾಟಿಗೆ ಮರಳಿರುವ ಸಮತೋಲನ ಯಂತ್ರವಾದ ತಮಗೆ, ಕುಷಾಯಿಗೂಡದ ನಿವೃತ್ತ ತಪಾಸಣಾಧಿಕಾರಿ ನರಸಿಂಹ ಮಾಡುವ, ತಲೆ ಬಾಗಿಸದ ನಮಸ್ಕಾರಗಳು. ಬಾಗಿಸದಿರುವುದು ಅಗೌರವದಿಂದಲ್ಲ, ಬಾಗಿಸಿದರೆ ನೆಲ ಎದ್ದು ಬರುತ್ತದೆ ಎಂಬುದು ತಮಗೆ ತಿಳಿದೇ ಇದೆ.

ಮೂರು ವರ್ಷದ ಹಿಂದೆ ಒಂದು ಜ್ವರ ಬಂದು ಹೋಗುವಾಗ ನನ್ನ ಎರಡೂ ಒಳಕಿವಿಗಳಲ್ಲಿನ ಸಮತೋಲನದ ಅಂಗವನ್ನು ಅರ್ಧಕ್ಕರ್ಧ ಕೆಡಿಸಿ ಹೋಯಿತು. ಅಂದಿನಿಂದ ನಾನು ನಡೆದರೆ ಹಡಗಿನಲ್ಲಿ ನಡೆದಂತೆ, ನಿಂತರೆ ಸಿಟಿ ಬಸ್ಸಿನಲ್ಲಿ ನಿಂತಂತೆ. ಚರ್ಮಕ್ಕೂ ತಿಳಿಯದಷ್ಟು ಸಣ್ಣ ಕರೆಂಟನ್ನು ಕಿವಿಯ ಹಿಂದಿನಿಂದ ಹರಿಸಿದರೆ ಮಂಕಾದ ನರ ಎಚ್ಚೆತ್ತು ದೇಹವನ್ನು ನೆಟ್ಟಗೆ ನಿಲ್ಲಿಸಬಹುದೇ ಎಂಬ ಪ್ರಯೋಗ ನಮ್ಮ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ನಡೆಯುತ್ತಿದೆ ಎಂದು ತಿಳಿದು ಹೆಸರು ಕೊಟ್ಟೆ. ಕರಾರು ಸರಳವಾಗಿತ್ತು: ನಾಲ್ಕು ವಾರ ತಾವು ಕರೆಂಟು ಹರಿಸುವಿರಿ, ನಾಲ್ಕು ವಾರ ಸುಮ್ಮನೆ ಜೋತಾಡುವಿರಿ, ಯಾವುದು ಮೊದಲು ಎಂಬುದು ಮೊಹರು ಮಾಡಿದ ಲಕೋಟೆಯಲ್ಲಿರುತ್ತದೆ, ಡಾಕ್ಟರಿಗೂ ತಿಳಿಯುವುದಿಲ್ಲ, ರೋಗಿಗೂ ತಿಳಿಯುವುದಿಲ್ಲ. ರೋಗಿಗೂ ತಿಳಿಯುವುದಿಲ್ಲ ಎಂಬ ಮಾತಿಗೆ ನಾನು ಮನಸ್ಸಿನಲ್ಲೇ ನಕ್ಕು ಸಹಿ ಹಾಕಿದೆ.

ನಗಲು ನನಗೆ ಅಧಿಕಾರವಿತ್ತು. ಮೂವತ್ತೊಂದು ವರ್ಷ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಪಾಸಣೆಯ ಮೇಜಿನ ಹಿಂದೆ ಕುಳಿತು, ಪೆಟ್ಟಿಗೆ ತೆರೆಯದೆಯೇ ಒಳಗಿನ ದೋಷ ಹೇಳುತ್ತೇನೆಂಬ ಹೆಸರು ಮಾಡಿದವನು ನಾನು. ಆ ಹೆಸರನ್ನು ಇಟ್ಟವನೂ ನಾನೇ. ೧೯೯೧ರಲ್ಲಿ ಸನತ್‌ನಗರದ ಮಲ್ಲಪ್ಪ ಎಂಬ ಸಣ್ಣ ಕಾರ್ಖಾನೆದಾರರು ಕಳಿಸಿದ ನಲವತ್ತು ಪೆಟ್ಟಿಗೆಗಳನ್ನು ಕೂದಲೆಳೆಯಷ್ಟು ಓರೆಯಾಗಿವೆ ಎಂದು ವಾಪಸು ಮಾಡಿದಾಗ ಅವರು ಖುದ್ದಾಗಿ ಬಂದು, “ಸಾಹೇಬ್ರ, ಪೆಟ್ಟಿಗಿ ಸರಿ ಐತಿ. ನಿಮ್ಮ ಕುತ್ತಿಗಿ ಓರೆ ಐತಿ, ಮೊದಲ ಅದನ್ನ ವಾಪಸ್ ಕಳಸ್ರಿ” ಎಂದಿದ್ದರು. ಇಂಥ ಮಾತುಗಳನ್ನು ನಾನು ಮರೆಯುವುದಿಲ್ಲ, ಅವುಗಳಿಂದ ಕಲಿಯುವುದೂ ಇಲ್ಲ.

ತಮ್ಮ ಸೇವೆ ನನಗೆ ತುರ್ತಾಗಿ ಬೇಕಾದದ್ದು ನನ್ನ ತಂಗಿ ಮಂದಾರಳ ಮಗಳು ಸಂಪದಾಳ ಮದುವೆಗಾಗಿ. ಇಲ್ಲಿನ ತೆಲುಗು ಮದುವೆಗಳಲ್ಲಿ ಮದುಮಗಳು ಬಿದಿರಿನ ಬುಟ್ಟಿಯಲ್ಲಿ ಕೂರುತ್ತಾಳೆ, ಸೋದರಮಾವಂದಿರು ಬುಟ್ಟಿಯನ್ನು ಮಂಟಪಕ್ಕೆ ಹೊತ್ತು ತರುತ್ತಾರೆ. ನಮ್ಮ ಮನೆತನದಲ್ಲಿ ಅದಿಲ್ಲ. ಆದರೆ ಆರು ವರ್ಷದವಳಿದ್ದಾಗ ಮಲ್ಕಾಜ್‌ಗಿರಿಯ ನೆರೆಮನೆಯ ಮದುವೆಯಲ್ಲಿ ಅದನ್ನು ಕಂಡ ಸಂಪದಾ, “ಮಾಮಾ, ನನ್ನೂ ಹಿಂಗ ಹೊತ್ಕೊಂಡ್ ಹೋಗ್ತಿ ಇಲ್ಲೋ?” ಎಂದು ಕೇಳಿದ್ದಳು, ನಾನು ಹೂಂ ಎಂದಿದ್ದೆ. ಇಪ್ಪತ್ತೆರಡು ವರ್ಷದ ನಂತರ ಅವಳು ತೆಲುಗು ಹುಡುಗನನ್ನೇ ಒಪ್ಪಿದಾಗ ನನಗೆ ಬಂದ ಫೋನಿನ ಮೊದಲ ಮಾತೇ, “ಮಾಮಾ, ಬುಟ್ಟಿ ನೆನಪದ ಅಲ್ಲಾ?”

ತಾವು ಬಂದ ಮೊದಲ ದಿನವೇ ಕಿವಿಯ ಹಿಂದೆ ಇರುವೆ ಹರಿದಂತಾಯಿತು. ಕರೆಂಟು ಹರಿಯುತ್ತಿದೆ ಎಂದು ಓಣಿಗೆಲ್ಲ ಘೋಷಿಸಿದೆ. ಆ ನಾಲ್ಕು ವಾರ ಗೋಡೆ ಹಿಡಿಯಲಿಲ್ಲ, ಕೋಲು ಮುಟ್ಟಲಿಲ್ಲ. ಅಕ್ಕಿಯ ಚೀಲವನ್ನು ಬುಟ್ಟಿಯಲ್ಲಿ ಕೂರಿಸಿ, ಇನ್ನೊಂದು ಬದಿಗೆ ಚಿಕ್ಕಪ್ಪನ ಮಗ ನಚಿಕೇತನನ್ನು ನಿಲ್ಲಿಸಿ, ಮನೆಯ ಅಂಗಳದಲ್ಲಿ ಮೆರವಣಿಗೆ ತೆಗೆದೆ. ಬಜಾರಿನಲ್ಲಿ ಎದೆಯೆತ್ತಿ ನಡೆಯುತ್ತ ಗಂಗೂಬಾಯಿಯ ಪೇರಲಹಣ್ಣಿನ ರಾಶಿಯ ಮೇಲೆ ಹೋಗಿ ಕುಳಿತಾಗಲೂ ತಮ್ಮನ್ನು ಶಂಕಿಸದೆ, ರಾಶಿಯನ್ನು ಓರೆಯಾಗಿ ಒಟ್ಟಿದ್ದಾಳೆಂದು ಅವಳಿಗೇ ತಿಳಿಹೇಳಿದೆ. “ರಾಶಿ ಸೀದಾ ಅದರಿ ಕಾಕಾ, ಮೊದಲ ನೀವ ಮ್ಯಾಲೆ ಏಳ್ರಿ” ಎಂದಳು.

ಐದನೆಯ ವಾರ ಇರುವೆ ಹರಿಯುವುದು ನಿಂತಿತು. ತಾವು ಖಾಲಿಯಾಗಿದ್ದೀರಿ ಎಂಬುದು ನನಗೆ ಗೊತ್ತಾಗಿಹೋಯಿತು, ಮತ್ತೆ ಗೋಡೆ ಹಿಡಿದೆ. ವಾರಕ್ಕೊಮ್ಮೆ ನನ್ನನ್ನು ಅಳತೆಯ ಹಲಗೆಯ ಮೇಲೆ ಕಣ್ಣುಮುಚ್ಚಿ ನಿಲ್ಲಿಸಿ ಓಲಾಟವನ್ನು ದಾಖಲಿಸುತ್ತಿದ್ದ ಆಸ್ಪತ್ರೆಯ ಮಹೇಶಕುಮಾರ ಎಂಬುವವರಿಗೆ, ಕರೆಂಟಿಲ್ಲದ ಪೆಟ್ಟಿಗೆ ಕಟ್ಟಿ ಸೋದರಮಾವನನ್ನು ಮದುವೆಗೆ ಕಳಿಸುವುದು ಅನ್ಯಾಯವೆಂದು ಮೂರು ಮನವಿ ಬರೆದುಕೊಟ್ಟೆ. ಮೂರನ್ನೂ ಓದಿ ಅವರು, “ಸರ್, ಒಳಗೇನದ ನನಗೂ ಗೊತ್ತಿಲ್ರಿ” ಎಂದರು.

ಮದುವೆ ಬಂದದ್ದು ಏಳನೆಯ ವಾರದಲ್ಲಿ. ಛತ್ರದಲ್ಲಿ ನಾನು ಬುಟ್ಟಿ ಹೊರಲಾರೆ ಎಂದಾಗ ನನ್ನ ಹೆಂಡತಿ ನಲಿನಿ, “ಮುಂಜಾನಿಂದ ನೆಟ್ಟಗ ನಡೀಲಿಕ್ಕತ್ತೀರಿ, ನಾ ನೋಡೇನಿ. ಸುಮ್ನ ಹೊರ್ರಿ” ಎಂದಳು. ತಾಂತ್ರಿಕ ಜ್ಞಾನವಿಲ್ಲದವರ ಅಭಿಪ್ರಾಯವೆಂದು ತಳ್ಳಿಹಾಕಿದೆ. ಕೂಸು ಬಿದ್ದರೆ ಯಾರು ಜವಾಬ್ದಾರರು ಎಂದು ಕೇಳಿದೆ. ಆಮೇಲೆ ಯಾರೂ ಒತ್ತಾಯಿಸಲಿಲ್ಲ. ನನ್ನ ಜಾಗಕ್ಕೆ ಮದುವೆಯ ಏರ್ಪಾಡು ನೋಡುವ ಕಂಪನಿಯವರು ಹಳದಿ ರುಮಾಲು ಸುತ್ತಿದ ಒಬ್ಬನನ್ನು ಕಳಿಸಿದರು. ಬುಟ್ಟಿ ನನ್ನ ಕುರ್ಚಿಯ ಮುಂದೆ ಹಾಯುವಾಗ ಸಂಪದಾ ಇತ್ತ ಬಾಗಿ, “ಇವರಿಗೂ ಮಾಮಾ ಅಂತ ಕರೀಲೇನು?” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ.

ಕಳೆದ ಸೋಮವಾರ ಲಕೋಟೆ ತೆರೆದರು. ಮೊದಲ ನಾಲ್ಕು ವಾರ ತಾವು ಖಾಲಿ, ನಂತರದ ನಾಲ್ಕು ವಾರ ಕರೆಂಟು. ಹಲಗೆಯ ದಾಖಲೆಯನ್ನೂ ತೋರಿಸಿದರು: ನಾನು ಶೂರನಂತೆ ತಿರುಗಿದ ತಿಂಗಳಲ್ಲಿ ದೇಹ ಮೊದಲಿನಂತೆಯೇ ಓಲಾಡಿದೆ; ಗೋಳಾಡಿದ ತಿಂಗಳಲ್ಲಿ ಓಲಾಟ ಇಳಿದಿದೆ, ಮದುವೆಯ ವಾರದಲ್ಲಿ ಎಲ್ಲಕ್ಕಿಂತ ಕಡಿಮೆಯಿದೆ. ಒಬ್ಬರಿಂದ ಏನೂ ಸಾಬೀತಾಗುವುದಿಲ್ಲ, ಉಳಿದವರ ಫಲಿತಾಂಶವೂ ಬರಲಿ ಎಂದು ಡಾಕ್ಟರು ಎಚ್ಚರಿಕೆಯಿಂದ ಹೇಳಿದರು. ನನ್ನ ಮಟ್ಟಿಗೆ ಸಾಬೀತಾಗಬೇಕಾದದ್ದು ಆಗಿದೆ.

ಇಷ್ಟಾದರೂ ತಮ್ಮನ್ನು ಹೊಗಳದೆ ಇರಲಾರೆ. ಸದ್ದಿಲ್ಲದೆ ಕೆಲಸ ಮಾಡಿ, ಮಾಡಿದೆನೆಂದು ಹೇಳಿಕೊಳ್ಳದವರನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ. ಕನ್ನಡಿಯಲ್ಲಂತೂ ಕಂಡೇ ಇಲ್ಲ. ಆದರೂ ಎರಡು ವಿನಂತಿಗಳಿವೆ. ತಮ್ಮ ಮುಂದಿನ ಅವತಾರದಲ್ಲಿ ಕರೆಂಟನ್ನು ಕಿವಿಯಿಂದ ನಾಲ್ಕು ಬೆರಳು ಮೇಲಕ್ಕೂ ಹರಿಸಬೇಕು, ದೋಷ ಅಲ್ಲಿಯೂ ಇದೆ. ಮದುವೆಯ ದಿನ ಹನ್ನೊಂದು ಗಂಟೆಯ ಮುಹೂರ್ತಕ್ಕೆ ನಾನು ಬುಟ್ಟಿ ಹೊರಲು ಯೋಗ್ಯನಾಗಿದ್ದೆ ಎಂದು ಒಂದು ಪ್ರಮಾಣಪತ್ರವನ್ನೂ ಕೊಡಬೇಕು. ಬೇಡ, ಅದನ್ನು ಕೊಡಬೇಡಿ. ಹೊರಲಾರದವನು ಹೊರಲಿಲ್ಲ ಎಂದೇ ಸಂಪದಾ ತಿಳಿದಿರಲಿ.

ತಾವು ಖಾಲಿಯಿದ್ದಾಗ ಮಾತ್ರ ತಮ್ಮನ್ನು ಪೂರ್ತಿ ನಂಬಿದ
ತಮ್ಮ ವಿಶ್ವಾಸಿ,
ನರಸಿಂಹ
ಕುಷಾಯಿಗೂಡ, ಹೈದರಾಬಾದು

ಇನ್ನೊಂದು ಮಾತು: ಎರಡನೆಯ ಸುತ್ತಿನ ಪ್ರಯೋಗಕ್ಕೂ ಬರುವಿರಾ ಎಂದು ಆಸ್ಪತ್ರೆಯವರು ಕೇಳಿದರು, ಒಪ್ಪಿದ್ದೇನೆ. ಮಂದಾರಳಿಗೆ ಇರುವವಳು ಒಬ್ಬಳೇ ಮಗಳು. ಆದ್ದರಿಂದ ಈ ಬಾರಿ ತಾವು ಎಂಟೂ ವಾರ ಖಾಲಿಯಿದ್ದರೂ ನನ್ನ ಅಭ್ಯಂತರವಿಲ್ಲ.