ಗಂಟೆಯಾಮೆಯ ಸಾಕ್ಷಿಗಳು

ಚಿತ್ರದಲ್ಲಿ ಒಂದು ಬಾವಿ. ಅದರ ಕಟ್ಟೆಯ ಮೇಲೆ ಸಂಜೆಯ ಬಿಸಿಲು, ಎದ್ದು ಹೋಗಲು ಮನಸ್ಸಿಲ್ಲದ ಅತಿಥಿಯಂತೆ ಒರಗಿಕೊಂಡಿದೆ. ಕಲ್ಲಿನ ಸಂದಿಯಲ್ಲೊಂದು ಹುಲ್ಲೆಸಳು. ಗಾಳಿಗೆ ಬಾಗಿದ್ದು ಬಾಗಿದಂತೆಯೇ ನಿಂತಿದೆ. ಪಕ್ಕದಲ್ಲಿ ಪಾಚಿ ಹೊದ್ದು, ಲೋಕದ ಗೊಡವೆ ಬಿಟ್ಟ ಮುನಿಯಂತೆ ಕುಳಿತಿದೆ ಒಂದು ಆಮೆ. ತಲೆ ಕಾಣದು, ಕಾಲೂ ಕಾಣದು. ಕಾಣುವ ಸಂಭವವೂ ಇರಲಿಲ್ಲ. ಅದು ಸಾಕ್ಷಿ ಮೇಷ್ಟ್ರ ಮನೆಯ ಮಣ್ಣಿನ ಬಟ್ಟಲು, ಬೋರಲು ಹಾಕಿದ್ದು.

ಅಂತರ್ಜಾಲದಲ್ಲಿ ತಾವೇ ತೆರೆದ ಪುಟದಲ್ಲಿ, ಈ ಚಿತ್ರದ ಕೆಳಗೆ ಮೇಷ್ಟ್ರು ಬರೆದಿದ್ದರು: ‘ನಮ್ಮ ಶಾಲೆಯ ಬಾವಿಯಲ್ಲಿ ಮಾತ್ರ ಉಳಿದಿರುವ ಅಪೂರ್ವ ಗಂಟೆಯಾಮೆ. ಮಳೆಗೆ ಮುನ್ನ ಗಂಟೆಯಂತೆ ನಾದ ಹೊರಡಿಸುತ್ತದೆ.’

ಹೆಂಡತಿ “ಹಾಲು ಉಕ್ಕಿತು” ಎಂದು ಕೂಗಿದಾಗ “ನೋಡಿದವರು ಯಾರು?” ಎಂದು ಕೇಳಿದ ದಿನದಿಂದ ಅವರಿಗೆ ‘ಸಾಕ್ಷಿ ಮೇಷ್ಟ್ರು’ ಎಂಬ ಅಡ್ಡಹೆಸರು. ಶಾಲೆಯ ಗ್ರಂಥಾಲಯದಲ್ಲಿ ಅವರು ಮಕ್ಕಳಿಗೆ ಅಂತರ್ಜಾಲದಲ್ಲಿ ಹುಡುಕುವುದನ್ನೂ, ಸಿಕ್ಕಿದ್ದನ್ನು ನಂಬುವ ಮುನ್ನ ಜರಡಿ ಹಿಡಿಯುವುದನ್ನೂ ಕಲಿಸುತ್ತಿದ್ದರು. ಈ ‘ಹುಡುಕಾಟದ ತರಗತಿ’ ಬೇಕೋ ಬೇಡವೋ ಎಂದು ತೀರ್ಮಾನಿಸಲು ಮರುದಿನ ಇಲಾಖೆಯ ಅಧಿಕಾರಿ ಬರುವವರಿದ್ದರು. ಬೇಡವೆಂದರೆ ಕೋಣೆ ಡ್ರಿಲ್ ಮೇಷ್ಟ್ರ ಚೆಂಡು, ಚಾಪೆಗಳ ಪಾಲು. ಆತ ಆಗಲೇ ಟೇಪು ಹಿಡಿದು ಅಳತೆ ಮಾಡಿಕೊಂಡು ಹೋಗಿದ್ದರು.

ಆದ್ದರಿಂದಲೇ ಈ ಆಮೆ. ಮೇಷ್ಟ್ರು ತಾವೇ ಕಟ್ಟಿದ ಸುಳ್ಳನ್ನು ಮಕ್ಕಳು ಅಧಿಕಾರಿಯ ಕಣ್ಣೆದುರೇ ಹಿಡಿಯಬೇಕು; ಅಧಿಕಾರಿ ಬೆರಗಾಗಬೇಕು. ಆ ಕನಸಿನ ಹುಮ್ಮಸ್ಸಿನಲ್ಲಿ ಅವರು ಪುಟದ ಕೊಂಡಿಯನ್ನು ಲೆಕ್ಕದ ಮೇಡಂಗೆ ಕಳಿಸಿ, ‘ಹೇಗಿದೆ?’ ಎಂದು ಕೇಳಿಬಿಟ್ಟರು. ಲೆಕ್ಕದ ಮೇಡಂ ಬಂದದ್ದನ್ನು ಮೊದಲು ಎಲ್ಲರಿಗೂ ಕಳಿಸಿ, ಆಮೇಲೆ ಬಿಡುವಾದಾಗ ಓದುವವರು.

ಬೆಳಿಗ್ಗೆ ಮೇಷ್ಟ್ರು ಗೇಟು ದಾಟುವಷ್ಟರಲ್ಲಿ ಬಾವಿಯ ಸುತ್ತ ಜನವೋ ಜನ. ಡ್ರಿಲ್ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು.

“ಶ್! ಮೆಲ್ಲಗೆ ಬನ್ನಿ, ಬೆದರಿಬಿಡುತ್ತೆ.”

“ಬೆದರೋಕೆ ಅದು ಆಮೆ ಅಲ್ರೀ, ನಮ್ಮನೆ ಬಟ್ಟಲು!”

“ನಮಗೇ ಹೇಳ್ತೀರಾ? ದಿನಾ ಬೆಳಿಗ್ಗೆ ಇಲ್ಲಿ ಓಡೋನು ನಾನು. ನನ್ನ ಕಂಡ ಕೂಡ್ಲೆ ತಲೆ ಆಡಿಸುತ್ತೆ.”

“ತಲೆ ಎಲ್ಲಿಂದ ಬಂತ್ರೀ ಅದಕ್ಕೆ?”

“ನಿಮಗೆ ತೋರಿಸಿಲ್ಲ ಅಂದಮಾತ್ರಕ್ಕೆ ತಲೇನೇ ಇಲ್ಲ ಅಂತಲೇ?”

ಲೆಕ್ಕದ ಮೇಡಂ ಫೋನಿನ ಪರದೆಯ ಮೇಲೆ ಸ್ಕೇಲಿಟ್ಟು ನೋಡುತ್ತಿದ್ದರು. “ಚಿಪ್ಪಿನ ಅಗಲ ನೋಡಿದ್ರೆ ಈ ಶಾಲೆಗಿಂತ ಹಿರೀದು ಸರ್. ಲೆಕ್ಕ ಹಾಕಿಯೇ ಹೇಳ್ತಿದೀನಿ.”

ಮೇಷ್ಟ್ರು ಹೆಡ್ಮಿಸ್ ಕೋಣೆಗೆ ಓಡಿದರು. ಆಕೆ ಆಗತಾನೇ ಶಾಲೆಯ ಜಾಲತಾಣದಲ್ಲಿ ಗಂಟೆಯಾಮೆಯನ್ನು ಏರಿಸಿ, ದೀಪಾಲಂಕಾರದ ನಡುವೆ ನಿಂತವರಂತೆ ಬೆಳಗುತ್ತಿದ್ದರು.

“ಮೇಡಂ, ಅದು ಸುಳ್ಳು. ನಾನೇ ಕಟ್ಟಿದ್ದು.”

“ವಿನಯ ಒಳ್ಳೇದು ಮೇಷ್ಟ್ರೇ, ಅತಿಯಾಗಬಾರದು. ಇಷ್ಟು ವರ್ಷದಲ್ಲಿ ಈ ಶಾಲೆ ಬಗ್ಗೆ ಯಾರಾದ್ರೂ ಒಂದಕ್ಷರ ಬರೆದಿದ್ರಾ? ಇವತ್ತು ಪತ್ರಿಕೆಯವರು ತಾವಾಗೇ ಫೋನ್ ಮಾಡಿದ್ರು! ಅವರ ತಾಣದಲ್ಲಿ ಆಗಲೇ ಹಾಕಿಯೂ ಆಯ್ತು.”

ಮೇಷ್ಟ್ರು ಗ್ರಂಥಾಲಯಕ್ಕೆ ಧಾವಿಸಿ ತಮ್ಮ ಪುಟವನ್ನು ಅಳಿಸಿಹಾಕಿದರು. ಬೇರು ಕಿತ್ತರೆ ಮರ ಬಿದ್ದೀತೆಂಬುದು ಅವರ ಎಣಿಕೆ. ಆದರೆ ಅಂತರ್ಜಾಲದ ಮರಗಳು ಬೇರಿಲ್ಲದೆಯೂ ಹೂ ಬಿಡುತ್ತವೆ. ಮಧ್ಯಾಹ್ನದ ಹೊತ್ತಿಗೆ ಆಮೆಗೆ ಮರಿಗಳೂ ಆಗಿದ್ದವು.

ಉಳಿದಿದ್ದ ಪುರಾವೆ ಒಂದೇ: ಚಿತ್ರ ತೆಗೆದ ಮೇಲೆ ಮನೆಗೆ ಒಯ್ದಿದ್ದ ಬಟ್ಟಲು. ಮನೆಗೆ ಫೋನು ಮಾಡಿದರು.

“ಲೇ, ಆ ಪಾಚಿ ಹಿಡಿದ ಬಟ್ಟಲನ್ನ ಯಾರ ಕೈಲಾದ್ರೂ ಈಗಿಂದೀಗ್ಲೇ ಕಳಿಸು.”

“ಪಾಚಿ ಎಲ್ಲಿದೆ ಈಗ? ಉಜ್ಜೀ ಉಜ್ಜೀ ಕೈ ಬಿದ್ದುಹೋಯ್ತು ನಂಗೆ. ಫಳಫಳ ಅಂತಿದೆ, ಉಪ್ಪು ತುಂಬಿಟ್ಟಿದೀನಿ. ಏನ್ರೀ, ಒಂದು ಮಾತು ಹೊಗಳಬಾರದಾ?”

ಮೇಷ್ಟ್ರು ಹೊಗಳಿದರು. ದನಿ ಅಳುವಿನ ಹಾಗಿತ್ತು.

ತರಗತಿ ಶುರುವಾಯಿತು. ಹಿಂದಿನ ಸಾಲಿನಲ್ಲಿ ಅಧಿಕಾರಿ; ಎಡಕ್ಕೆ ಹೆಡ್ಮಿಸ್, ಬಲಕ್ಕೆ ಡ್ರಿಲ್ ಮೇಷ್ಟ್ರು. ಸಾಕ್ಷಿ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, “ಮಕ್ಕಳೇ, ಗಂಟೆಯಾಮೆ ನಿಜವೋ ಸುಳ್ಳೋ? ಹುಡುಕಿ, ತೂಗಿ, ಹೇಳಿ” ಎಂದರು. ಕೀಲಿಮಣೆಗಳು ಹಂಚಿನ ಮೇಲೆ ಬಿದ್ದ ಆಲಿಕಲ್ಲಿನಂತೆ ಸದ್ದು ಮಾಡಿದವು. ಮಕ್ಕಳು ಪಿಸುಗುಟ್ಟಿದರು, ಕಣ್ಣಲ್ಲೇ ಮಾತಾಡಿಕೊಂಡರು. ಕೊನೆಗೆ ತರಗತಿಯ ಮುಂದಾಳು, ಎರಡು ಜಡೆಯ ಹುಡುಗಿ, ಎದ್ದು ನಿಂತಳು.

“ಸರ್, ನಿಜ.”

“ನಿಜಾನಾ! ಹೇಗಮ್ಮ?”

“ನೀವು ಹೇಳಿಕೊಟ್ಟ ಹಾಗೇ ನೋಡಿದ್ವಿ ಸರ್. ಬೇರೆ ಬೇರೆ ಕಡೆ ಹೇಳಿರಬೇಕು: ಶಾಲೆ ಹೇಳಿದೆ, ಪತ್ರಿಕೆ ಹೇಳಿದೆ. ಕಣ್ಣಾರೆ ಕಂಡವರು ಇರಬೇಕು: ಡ್ರಿಲ್ ಸರ್ ಇಲ್ಲೇ ಕೂತಿದಾರೆ.”

ಡ್ರಿಲ್ ಮೇಷ್ಟ್ರು ಎದ್ದು ಸಲ್ಯೂಟ್ ಹೊಡೆದರು.

“ಅವರೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆದದ್ದಮ್ಮ! ಮೊದಲು ಬರೆದೋನು ನಾನು. ಸುಳ್ಳು ಬರೆದೆ!”

“ಆ ಪುಟ ಎಲ್ಲೂ ಇಲ್ವಲ್ಲ ಸರ್?”

“ನಾನೇ ಅಳಿಸಿದೆ.”

ತರಗತಿ ‘ಓ’ ಎಂದಿತು. ಹುಡುಗಿ ಮರುಕದಿಂದ ಎಂಬಂತೆ ತಲೆ ತಗ್ಗಿಸಿದಳು. “ಸುಳ್ಳು ಬರೆದೆ ಅಂತ ತಾವೇ ಒಪ್ಪಿಕೊಂಡೋರು, ಪುರಾವೆ ಅಳಿಸಿದೋರು... ಅಂಥವರ ಮಾತನ್ನ ಹೇಗೆ ನಂಬೋದು ಸರ್?”

ಅಧಿಕಾರಿ ಕುರ್ಚಿಯಿಂದ ಚಿಮ್ಮಿ ಚಪ್ಪಾಳೆ ತಟ್ಟಿದರು. “ಭಲೇ! ಗುರುವಿನ ಮಾತನ್ನೂ ಒರೆಗೆ ಹಚ್ಚೋ ಮಕ್ಕಳು! ಈ ಕ್ಲಾಸು ನಿಲ್ಲಕೂಡದು ಮೇಡಂ. ನಾಳೆಯಿಂದ ವಾರಕ್ಕೆ ಎರಡು ಸಲ ನಡೀಲಿ!”

ಸಾಕ್ಷಿ ಮೇಷ್ಟ್ರ ಎದೆ ಸೋಲಿನಲ್ಲೂ ಹಕ್ಕಿಯಂತೆ ಹಾರಿತು. ಹಾಳಾದ ಆಮೆ ಬದುಕಿಕೊಳ್ಳಲಿ, ತರಗತಿ ಉಳಿಯಿತಲ್ಲ! ಹಿರಿಯರೆಲ್ಲ ಮಾತಾಡುತ್ತ ಹೊರಗೆ ಹೋದರು. ಹುಡುಗಿ ಓಡಿಬಂದು ಮೇಷ್ಟ್ರ ಕೈ ಹಿಡಿದುಕೊಂಡಳು.

“ಸರ್, ಬೈಬೇಡಿ. ಆಮೆ ಸುಳ್ಳು ಅಂತ ನಮಗೆ ಶುರುವಿನಲ್ಲೇ ಗೊತ್ತಾಯ್ತು. ಎಲ್ಲಾ ಕಡೆ ಅದೇ ವಾಕ್ಯ, ಅದೇ ಚಿತ್ರ.”

“ಮತ್ತೆ ಯಾಕಮ್ಮ ಹಾಗಂದೆ?”

“ಯಾರ ಮಾತಿನಿಂದ ಯಾರಿಗೆ ಲಾಭ ಅಂತ ನೋಡಿ ಅಂದಿದ್ರಲ್ಲ! ಸುಳ್ಳು ಅಂದಿದ್ರೆ ಹೆಡ್ಮಿಸ್ ಮುಖ ಕೆಂಪಾಗ್ತಿತ್ತು, ಕ್ಲಾಸು ಹೋಗ್ತಿತ್ತು. ನಿಜ ಅಂದ್ವಿ, ನೀವು ಉಳಿದ್ರಿ!”

ಮೇಷ್ಟ್ರಿಗೆ ಕಣ್ಣು ತುಂಬಿಬಂತು. ಇಂಥ ಶಿಷ್ಯರು! ಅವಳ ತಲೆ ಸವರಲು ಕೈ ಎತ್ತಿದರು. ಅಷ್ಟರಲ್ಲಿ ಹೆಡ್ಮಿಸ್ ಡ್ರಿಲ್ ಮೇಷ್ಟ್ರೊಂದಿಗೆ ಒಳಗೆ ಬಂದರು.

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಸಾಹೇಬರು ಒಂದು ಮಾತು ಹೇಳಿ ಹೋದ್ರು. ಸುಳ್ಳು ಬರೆದು ಅಳಿಸೋರ ಕೈಲಿ ಇಂಥಾ ಕ್ಲಾಸು ಇರಬಾರದಂತೆ. ಕಣ್ಣಾರೆ ಕಂಡಿದ್ದನ್ನೇ ಹೇಳೋರು ತಗೊಳ್ಳಲಿ ಅಂದ್ರು. ನಾಳೆಯಿಂದ ಇವರು ಇಲ್ಲಿ, ನೀವು ಮೈದಾನದಲ್ಲಿ.”

ಹುಡುಗಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಡ್ರಿಲ್ ಮೇಷ್ಟ್ರು ಕತ್ತಿನ ಸೀಟಿ ತೆಗೆದು ಸಾಕ್ಷಿ ಮೇಷ್ಟ್ರ ಕೊರಳಿಗೆ ಪ್ರೀತಿಯಿಂದ ಹಾಕಿದರು. ಆಮೇಲೆ ಗಣಕಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಬಂದು, ಮೆಲ್ಲಗೆ ಕಿವಿಯ ಬಳಿ ಬಗ್ಗಿ ಕೇಳಿದರು:

“ಮೇಷ್ಟ್ರೇ, ಇದನ್ನ ಹಚ್ಚೋದು ಎಲ್ಲಿ?”

ಮೇಷ್ಟ್ರು ಗುಂಡಿ ತೋರಿಸಿದರು. ಪರದೆ ಬೆಳಗಿತು. ಅವರು ಸೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಗೆ ನಡೆದರು. ಬಾಗಿಲು ಅವರ ಹಿಂದೆ ತಾನಾಗಿಯೇ ಮುಚ್ಚಿಕೊಂಡಿತು.