ಬಕೆಟ್ಟಿನಲ್ಲಿ ವಾಸವಾಗಿರುವ ಮಾಪಕ ಯಂತ್ರದ ಸನ್ನಿಧಾನಕ್ಕೆ

ಮಾನ್ಯ ಯಂತ್ರ ಮಹೋದಯರೇ,

ಸಾಬೂನು ಕಾರ್ಖಾನೆಯ ಹಿಂಬಾಗಿಲಿನ ಪಕ್ಕ, ಗಾಜಿನ ಕಪಾಟಿನೊಳಗೆ, ಹಗಲಿರುಳೂ ಹಸಿರು ದೀಪ ಉರಿಸಿಕೊಂಡು ನಿಂತಿರುವ ತಮಗೆ, ಅದೇ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನೀರು ನೋಡುವ ಕೆಲಸ ಮಾಡಿ ಹೋದವರ ಹೆಂಡತಿಯಾದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ದೀಪ ನೋಡಿ ತಿಳಿದೆ. ಇತ್ತ ಹಳ್ಳ ಒಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ.

ಈ ಪತ್ರವನ್ನು ನಾನು ಸ್ವಂತ ಉತ್ಸಾಹದಿಂದ ಬರೆಯುತ್ತಿಲ್ಲ. ಕಳೆದ ತಿಂಗಳು ಕಾರ್ಖಾನೆಯವರು ಊರಿನವರಿಗೆಲ್ಲ ಬಾಗಿಲು ತೆರೆದಿಟ್ಟ ದಿನ ನಾನು ತಮ್ಮ ಮೈ ಮುಟ್ಟಿದೆನೆಂದೂ, ಅದಕ್ಕಾಗಿ ಹದಿನೈದು ದಿನದೊಳಗೆ ಎಲ್ಲರಿಗೂ ಕಾಣುವಂತೆ ಕ್ಷಮಾಪಣೆ ಬರೆದು ಕೊಡಬೇಕೆಂದೂ ಅಲ್ಲಿನ ಪ್ರಕೃತಿ ವಿಭಾಗದ ಮುಖ್ಯಸ್ಥರು ಮನೆಗೆ ಕಾಗದ ಕಳಿಸಿದ್ದಾರೆ. ಯಾರ ಹೆಸರಿಗೆ ಬರೆಯಬೇಕೆಂದು ಅದರಲ್ಲಿ ಹೇಳಿರಲಿಲ್ಲ. ಮುಟ್ಟಿಸಿಕೊಂಡವರು ತಾವಾದ್ದರಿಂದ ತಮಗೇ ಬರೆಯುವುದು ಮರ್ಯಾದೆ ಎನಿಸಿತು. ನಾನು ಓದಿದ್ದು ಏಳನೇ ತರಗತಿ, ದಿನಚರಿ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ. ಎಲ್ಲಾದರೂ ತಪ್ಪಿದ್ದರೆ ಕೆಂಪು ದೀಪ ತೋರಿಸಬೇಡಿ.

ಮೊದಲು ತಮ್ಮ ಗುಣಗಾನ. ತಾವು ಬರುವ ಮುಂಚೆ ಹಳ್ಳಕ್ಕೆ ಹೋಗುವ ನೀರನ್ನು ನೋಡುತ್ತಿದ್ದವರು ನಮ್ಮ ಯಜಮಾನರು. ಅವರ ಬಳಿ ಇದ್ದದ್ದು ಒಂದು ಗಾಜಿನ ಬಾಟಲಿ, ಅದ್ದಿದರೆ ಬಣ್ಣ ಬದಲಾಯಿಸುವ ಕಾಗದದ ಚೂರುಗಳು, ಒಂದು ನೋಟ್‌ಬುಕ್ಕು ಮತ್ತು ಒಂದು ಮೂಗು. ದಿನಾ ಬೆಳಿಗ್ಗೆ ಕೊಳವೆಯ ಬಾಯಿಯ ಹತ್ತಿರ ಚಪ್ಪಲಿ ಬಿಟ್ಟು, ತಾನು ಬರೆಯುವುದು ಸುಳ್ಳಾಗದಿರಲಿ ಎಂದು ದೇವರನ್ನು ಕೇಳಿಕೊಂಡು, ಆಮೇಲೆ ಬಾಟಲಿ ಅದ್ದುತ್ತಿದ್ದರು. ನೀರಿನ ಬಗ್ಗೆ ಸುಳ್ಳು ಬರೆಯುವುದೂ ಒಂದೇ, ಆ ನೀರನ್ನು ಸೃಷ್ಟಿಸಿದವನ ಮೇಲೆ ಚಾಡಿ ಹೇಳುವುದೂ ಒಂದೇ ಎಂಬುದು ಅವರ ನಂಬಿಕೆ. ಕೊನೆಯ ವರ್ಷದ ಒಂದು ಪುಟ ಹೀಗಿದೆ: ‘ನೊರೆ ಮೊಣಕಾಲಿನವರೆಗೆ. ವಾಸನೆ ನಿಂಬೆಯದು, ಆದರೆ ನಿಂಬೆ ಅಲ್ಲ. ಕಾಗದ ಕಡುನೀಲಿ. ಕಪ್ಪೆ ಇಲ್ಲ.’ ಮರುದಿನದ್ದು: ‘ನೊರೆ ತೊಡೆಯವರೆಗೆ. ಉಳಿದದ್ದು ನಿನ್ನೆಯಂತೆ.’ ಇಂಥ ಮನುಷ್ಯನನ್ನು ಇಟ್ಟುಕೊಂಡು ಯಾವ ಕಾರ್ಖಾನೆ ಉದ್ಧಾರವಾದೀತು, ತಾವೇ ಹೇಳಿ. ತಾವಾದರೋ ಬಂದ ಒಂಬತ್ತನೆಯ ದಿನದಿಂದ ಇವತ್ತಿನವರೆಗೆ, ಹದಿನಾಲ್ಕು ತಿಂಗಳು, ನಾನು ಕೊಟ್ಟ ನಾಲ್ಕು ನಿಮಿಷದ ತೊಂದರೆಯೊಂದನ್ನು ಬಿಟ್ಟರೆ, ಬರೀ ಹಸಿರು.

ಮೊದಲ ಎಂಟು ದಿನ ತಮಗೂ ಸತ್ಯದ ಚಾಳಿ ಇತ್ತಂತೆ. ಇದನ್ನು ಹೇಳಿದವನು ನನ್ನ ಮೈದುನ. ಕೊಳವೆಯ ಬಾಗಿಲು ತಿರುಗಿಸುವುದೂ ತಮ್ಮ ಮೂತಿ ತೊಳೆಯುವುದೂ ಅವನದೇ ಕೆಲಸ. ನೀರಿನೊಳಗೆ ಇಳಿಬಿಡುವ ತಮ್ಮ ಆ ಉದ್ದದ ತುದಿಗೆ ಅಲ್ಲಿ ಎಲ್ಲರೂ ಮೂತಿ ಎಂದೇ ಕರೆಯುತ್ತಾರೆ, ಬೇಜಾರು ಮಾಡಿಕೊಳ್ಳಬಾರದು. ದಿನಾ ಕೆಂಪು ದೀಪ, ದಿನಾ ಮೂತಿಗೆ ಮೆತ್ತಿಕೊಂಡ ಜಿಡ್ಡು. ತಮ್ಮ ಜೊತೆ ಬಂದ ಪುಸ್ತಕದಿಂದ ಮುಖ್ಯಸ್ಥರು ಒಂದು ಹಾಳೆ ಹರಿದು ಗೋಡೆಗೆ ಅಂಟಿಸಿದರು. ತೊಳೆದ ಮೇಲೆ ಶುದ್ಧ ನೀರಿನಲ್ಲಿ ಮುಳುಗಿಸಿಡಬೇಕು ಎಂದು ಅದರಲ್ಲಿತ್ತು. ಎಷ್ಟು ಹೊತ್ತು ಎಂಬುದು ಮುಂದಿನ ಹಾಳೆಯಲ್ಲಿದ್ದಿರಬೇಕು, ಅದು ಗೋಡೆಗೆ ಬರಲಿಲ್ಲ. ಮೈದುನ ಕುಡಿಯುವ ನೀರು ತುಂಬಿದ ನೀಲಿ ಬಕೆಟ್ಟಿನಲ್ಲಿ ತಮ್ಮ ಮೂತಿ ಮುಳುಗಿಸಿ ಮನೆಗೆ ಬಂದ. ಬೆಳಿಗ್ಗೆ ಹೋಗಿ ನೋಡಿದರೆ ಹಸಿರು ದೀಪ, ಅದರ ಮುಂದೆ ಮುಖ್ಯಸ್ಥರು, ಅವರ ಹಿಂದೆ ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳುತ್ತಿರುವ ಧಣಿಗಳು. ಪ್ರಾರ್ಥನೆಗೆ ಸಿಕ್ಕ ಉತ್ತರವನ್ನು ಬಕೆಟ್ಟಿನಿಂದ ಎತ್ತಿ ಹೊರಗೆ ಹಾಕುವ ಧೈರ್ಯ ನನ್ನ ಮೈದುನನಿಗೆ ಆಗಲಿಲ್ಲ.

ಆದ್ದರಿಂದ ತಾವು ಸುಳ್ಳುಗಾರರೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಕೆಟ್ಟು ಶುದ್ಧವಾಗಿದೆ ಎಂದು ತಾವು ಹೇಳಿದಿರಿ, ಬಕೆಟ್ಟು ಶುದ್ಧವಾಗಿತ್ತು. ಲೋಕದಲ್ಲಿ ಇಷ್ಟು ನಿಷ್ಠೆಯಿಂದ ಒಂದು ಬಕೆಟ್ಟಿನ ಯೋಗಕ್ಷೇಮ ವಿಚಾರಿಸಿದವರು ಇನ್ನೊಬ್ಬರಿಲ್ಲ.

ಧಣಿಗಳ ದೈವಭಕ್ತಿಯ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಪತ್ರ ಅಪೂರ್ಣವಾಗುತ್ತದೆ. ನೀರು ದೇವರ ಕೊಡುಗೆ ಎಂದು ಅವರು ಕಾರ್ಖಾನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದಾರೆ. ಪ್ರತಿದಿನ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಹತ್ತು ನಿಮಿಷ ಪ್ರಾರ್ಥನೆ ನಡೆಯುತ್ತದೆ, ಎಲ್ಲರೂ ಇದ್ದಲ್ಲೇ ಕಣ್ಣು ಮುಚ್ಚಿ ನಿಲ್ಲಬೇಕು. ದೊಡ್ಡ ಕಡಾಯಿಗಳನ್ನು ತೊಳೆದ ನೀರು ಹೊರಗೆ ಹೋಗುವುದು ಆ ಹತ್ತು ನಿಮಿಷದಲ್ಲೇ, ಏಕೆಂದರೆ ಆಗ ಪಂಪಿನ ಸದ್ದು ಬೀದಿಗೆ ಕೇಳುವುದಿಲ್ಲ. ಎಲ್ಲರೂ ಕಣ್ಣು ಮುಚ್ಚಿರುವಾಗ ಕಣ್ಣು ಬಿಡಲು ಅನುಮತಿ ಇದ್ದವನು ನನ್ನ ಮೈದುನ ಒಬ್ಬನೇ. ನಮ್ಮ ಯಜಮಾನರು ಒಮ್ಮೆ ಧಣಿಗಳ ಕೋಣೆಗೇ ಹೋಗಿ ಇದು ಸರಿಯಲ್ಲ ಎಂದಿದ್ದರು. ಹರಿಯುವ ನೀರನ್ನು ದೇವರು ಮಾಡಿದ್ದೇ ಹಾಕಿದ್ದನ್ನೆಲ್ಲ ಒಯ್ಯಲಿ ಅಂತ, ನಿಮಗೆ ನಂಬಿಕೆ ಸಾಲದು ಎಂದು ಧಣಿಗಳು ಬಹಳ ಪ್ರೀತಿಯಿಂದ ತಿಳಿಹೇಳಿ ಕಳಿಸಿದರಂತೆ. ಅವತ್ತು ಮನೆಗೆ ಬಂದು ಇವರು ಕೈ ಒರೆಸಿಕೊಳ್ಳುತ್ತ ಹೇಳಿದ್ದು ನನ್ನ ದಿನಚರಿಯಲ್ಲಿದೆ: “ದೇವರ ಮುಂದೆ ನಾವು ಕಣ್ಣು ಮುಚ್ಕೋತೀವಿ, ಸರಿ. ಆದ್ರೆ ಆ ಹೊತ್ತಲ್ಲಿ ಅವನೂ ಮುಚ್ಕೊಂಡಿರ್ತಾನೆ ಅಂತ ಇವರಿಗೆ ಯಾರು ಹೇಳಿದ್ರೋ ಕಾಣೆ.”

ಹಳ್ಳದ ವೈಭವವನ್ನು ತಾವು ನೋಡಿಲ್ಲವಾದ್ದರಿಂದ ವರ್ಣಿಸುತ್ತೇನೆ. ಇಷ್ಟು ಬೆಳ್ಳಗೆ ಅದನ್ನು ಯಾರೂ ತೊಳೆದಿರಲಿಲ್ಲ. ಗಾಳಿ ಬಂದರೆ ನೊರೆ ಎದ್ದು ನಮ್ಮ ಬೀದಿಗೆ ಬರುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ, ಕಿಟಕಿ ತೆರೆದಿದ್ದರೆ ಒಳಗೆ ಬಂದು ಸೋಫಾದ ಮೇಲೂ ಕೂರುತ್ತದೆ. ನೆಂಟರಾದರೆ ಒಂದು ಹೊತ್ತಿಗೆ ಎದ್ದು ಹೋಗುತ್ತಾರೆ. ಪಕ್ಕದ ಮನೆಯ ದರ್ಜಿ, ಹಳ್ಳದ ನೀರು ತಾಗಿ ಬೆರಳುಗಳ ನಡುವೆ ಚರ್ಮ ಸುಲಿದು, ಸೂಜಿ ಹಿಡಿಯಲಾಗದೆ ಎರಡು ತಿಂಗಳಿಂದ ಸುಮ್ಮನೆ ಕೂತಿದ್ದಾನೆ. ಕೈ ಚೆನ್ನಾಗಿ ತೊಳೆದುಕೊಳ್ಳಬೇಕೆಂದು ಕಾರ್ಖಾನೆಯವರು ಅವನಿಗೆ ಆರು ಸಾಬೂನು ಉಚಿತವಾಗಿ ಕೊಟ್ಟರು.

ಇನ್ನು ನನ್ನ ದೂರು. ತಾವು ಹಸಿರಾದ ದಿನವೇ ನಮ್ಮ ಯಜಮಾನರ ನೋಟ್‌ಬುಕ್ಕಿನಲ್ಲಿ ನೊರೆ ಸೊಂಟದವರೆಗೆ ಎಂದಿತ್ತು. ಇಬ್ಬರಲ್ಲಿ ಒಬ್ಬರು ಕೆಟ್ಟಿರಲೇಬೇಕು. ತಾವು ಹೊಸಬರು, ಇವರು ಹಳಬರು, ಆದ್ದರಿಂದ ವಿಚಾರಣೆ ಕಾಲು ಗಂಟೆಯಲ್ಲಿ ಮುಗಿಯಿತು. ಕಣ್ಣು ಪರೀಕ್ಷೆ ಮಾಡಿಸಿದರು, ಇವರು ಕೊನೆಯ ಸಾಲಿನ ಚಿಕ್ಕ ಅಕ್ಷರವನ್ನೂ ಓದಿಬಿಟ್ಟರು. ಮೂಗನ್ನು ಪರೀಕ್ಷಿಸುವ ಏರ್ಪಾಡು ಅಲ್ಲಿರಲಿಲ್ಲವಾದ್ದರಿಂದ ದೋಷ ಮೂಗಿನಲ್ಲೇ ಇದೆಯೆಂದು ತೀರ್ಮಾನವಾಯಿತು. ಸೇವಾ ಪುಸ್ತಕದಲ್ಲಿ ‘ಇಂದ್ರಿಯ ದೌರ್ಬಲ್ಯದಿಂದ ಸತತವಾಗಿ ತಪ್ಪು ದಾಖಲೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ಮನೆಗೆ ಕಳಿಸಿದರು.

ಮನೆಗೆ ಬಂದವರು ಕಂಡದ್ದನ್ನೆಲ್ಲ ಮೂಸತೊಡಗಿದರು. ಹಾಲು, ಒದ್ದೆ ಗೋಡೆ, ಹಳೇ ಪುಸ್ತಕ, ನನ್ನ ತಲೆಕೂದಲು. ಕಣ್ಣು ಮುಚ್ಚಿಕೊಂಡು ನನ್ನನ್ನು ಕೂಗುತ್ತಿದ್ದರು: “ಏನಾದ್ರೂ ತಂದು ಮೂಗಿನ ಹತ್ರ ಹಿಡಿಯೇ. ನಾನು ಹೇಳ್ತೀನಿ, ಸರಿ ಇದೆಯಾ ನೋಡು.” ಎಂಟು ತಿಂಗಳಲ್ಲಿ ಒಂದು ಸಲವೂ ತಪ್ಪಲಿಲ್ಲ. ಹಾಗಿದ್ದೂ, ಯಂತ್ರಕ್ಕೇನು ನನ್ನ ಮೇಲೆ ದ್ವೇಷವಾ, ನನ್ನದೇ ತಪ್ಪಿರಬೇಕು ಎನ್ನುತ್ತಲೇ ಹೋಗಿಬಿಟ್ಟರು. ಬಕೆಟ್ಟಿನ ವಿಷಯ ಅವರಿಗೆ ಗೊತ್ತಾಗಲಿಲ್ಲ. ಮೈದುನ ನನಗೆ ಹೇಳಿದ್ದೇ ಅವರು ಹೋದ ಮೂರನೇ ವಾರ, ತಟ್ಟೆಯ ಮುಂದೆ ಕೂತು, ತುತ್ತು ಎತ್ತದೆ. ಇದನ್ನು ಬರೆಯಲೇ ಎಂದು ಮೊನ್ನೆ ಕೇಳಿದೆ. “ಬರೀರಿ ಅತ್ತಿಗೆ, ಅಣ್ಣ ಇದ್ದಾಗ ಹೇಳ್ಬೇಕಿತ್ತು, ಬಾಯಿ ಬರಲಿಲ್ಲ” ಎಂದ. ಕೆಲಸ ಹೋದರೆ ಹೋಗಲಿ ಅಂತಲೂ ಹೇಳಿದ. ತಮ್ಮ ಮೂತಿ ತೊಳೆಯಲು ಬೇರೆಯವರನ್ನು ನೋಡಿಕೊಳ್ಳಬೇಕಾಗಬಹುದು.

ಬಾಗಿಲು ತೆರೆದ ದಿನ ಜನ ಸಾಲಾಗಿ ಬಂದು ತಮ್ಮ ದೀಪಕ್ಕೆ ಕೈ ಮುಗಿದು ಹೋಗುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ತಮ್ಮ ಮೂತಿಯನ್ನು ಬಕೆಟ್ಟಿನಿಂದ ಎತ್ತಿ, ಐದು ಹೆಜ್ಜೆ ಆಚೆ ಹರಿಯುತ್ತಿದ್ದ ಮೋರಿಗೆ ಇಳಿಸಿದೆ. ವೈರು ಸರಿಯಾಗಿ ಅಲ್ಲಿಯವರೆಗೆ ಸಾಕಾಯಿತು, ಮಾಡಿದವರು ಅಳೆದೇ ಮಾಡಿದ್ದರು. ಕೆಂಪು ದೀಪ ಹತ್ತಿತು, ಸೈರನ್ನೂ ಕೂಗಿತು. ಅದರ ಸದ್ದು ಮರೆತೇ ಹೋಗಿದ್ದ ಕೆಲಸಗಾರರು ಊಟದ ಹೊತ್ತಾಯಿತೆಂದು ಕೈ ತೊಳೆಯಲು ಹೊರಟರು. ಮುಖ್ಯಸ್ಥರು ಓಡಿಬಂದು, ಚೆನ್ನಾಗಿದ್ದ ಯಂತ್ರ ಕೆಡಿಸಿಬಿಟ್ಟಿರಲ್ಲಮ್ಮ ಎಂದು ನನ್ನ ಕೈಯಿಂದ ಮೂತಿ ಕಿತ್ತುಕೊಂಡು ಬಕೆಟ್ಟಿಗೆ ಹಾಕಿದರು. ಧಣಿಗಳು ಅಲ್ಲೇ ಕಣ್ಣು ಮುಚ್ಚಿ ಯಂತ್ರ ಮಹೋದಯರಾದ ತಮ್ಮ ಆರೋಗ್ಯಕ್ಕಾಗಿ ಪ್ರಾರ್ಥಿಸಿದರು. ಹಸಿರು ಬಂತು.

ಕೊಳವೆಯನ್ನು ಎರಡರಷ್ಟು ಅಗಲ ಮಾಡುವ ಅರ್ಜಿಯ ವಿಚಾರಣೆ ಬರುವ ಸೋಮವಾರ ಅಧಿಕಾರಿಗಳ ಮುಂದಿದೆ. ಕಾರ್ಖಾನೆಯ ಕಡೆಯ ಸಾಕ್ಷಿ ತಮ್ಮ ಹದಿನಾಲ್ಕು ತಿಂಗಳ ಹಸಿರು. ಈ ಕಡೆಯ ಸಾಕ್ಷಿ ನಮ್ಮ ಮನೆಯ ಕಪಾಟಿನಲ್ಲಿರುವ ಹನ್ನೊಂದು ನೋಟ್‌ಬುಕ್ಕು. ಅದಕ್ಕೇ ಮುಖ್ಯಸ್ಥರ ಕಾಗದದಲ್ಲಿ ಇನ್ನೊಂದು ಮಾತೂ ಇದೆ. ಕ್ಷಮಾಪಣೆಯ ಜೊತೆ ಆ ನೋಟ್‌ಬುಕ್ಕುಗಳನ್ನು ಒಪ್ಪಿಸಿದರೆ ಸೇವಾ ಪುಸ್ತಕದ ಕೆಂಪು ಸಾಲು ಹೊಡೆದುಹಾಕಿ, ‘ಕಣ್ಣು ಮೂಗು ಉತ್ತಮ’ ಎಂದು ಬರೆದು ಮೊಹರು ಹಾಕಿ ಕೊಡುತ್ತಾರಂತೆ. ಸುಳ್ಳೇಕೆ ಹೇಳಲಿ, ಮೂರು ದಿನ ಯೋಚಿಸಿದೆ. ಆ ಒಂದು ಸಾಲು ಅಳಿಸಿದ ಕಾಗದ ಬಂತಾ ಎಂದು ಇವರು ಕೊನೆಯ ವಾರದವರೆಗೂ ಕೇಳುತ್ತಿದ್ದರು. ಒಂದು ಸಂಜೆ ನೋಟ್‌ಬುಕ್ಕುಗಳನ್ನು ಚೀಲಕ್ಕೂ ತುಂಬಿದ್ದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟೆ. ಸೋಮವಾರ ಹನ್ನೊಂದು ಗಂಟೆಗೆ ತಾವು ದಯಮಾಡಿ ಕಪಾಟಿನಿಂದ ಇಳಿದು, ಸ್ವಂತ ಕಾಲ ಮೇಲೆ ಹಳ್ಳದವರೆಗೆ ನಡೆದು, ಒಂದು ಮುಳುಗು ಹಾಕಿ, ಒರೆಸಿಕೊಳ್ಳದೆ ಹಾಗೇ ಅಧಿಕಾರಿಗಳ ಮುಂದೆ ಬರಬೇಕು. ಅಷ್ಟು ದೂರ ನಡೆಯಲಾರಿರಾದರೆ ಧಣಿಗಳ ಪ್ರಾರ್ಥನೆಯ ಹೊತ್ತಿಗೆ ಒಂದು ಸಲ, ಒಂದೇ ಒಂದು ಸಲ, ಕೆಮ್ಮಿದರೂ ಸಾಕು. ಅದೂ ಆಗದಿದ್ದರೆ, ನಮ್ಮ ಯಜಮಾನರು ಈಗ ಎಲ್ಲಿದ್ದಾರೋ ಅಲ್ಲಿಗೆ, ನಿಮ್ಮ ಮೂಗು ಸರಿ ಇತ್ತು ಎಂದು ಒಂದು ಸಾಲು ತಿಳಿಸಬೇಕು. ತಮ್ಮ ವೈರುಗಳು ಎಲ್ಲೆಲ್ಲಿಗೋ ಹೋಗುತ್ತವೆಂದು ಕೇಳಿದ್ದೇನೆ. ನನ್ನ ಮಾತು ಅಲ್ಲಿಗೆ ಮುಟ್ಟುತ್ತದೋ ಇಲ್ಲವೋ.

ತಾವು ಬಾರದಿದ್ದರೂ ನಾನಂತೂ ಬರುತ್ತೇನೆ. ಚೀಲ ಬಾಗಿಲ ಹತ್ತಿರವೇ ಇದೆ. ಅದು ಕಾರ್ಖಾನೆಗಲ್ಲ, ವಿಚಾರಣೆಯ ಕೋಣೆಗೆ ಹೋಗುತ್ತದೆ. ಸೇವಾ ಪುಸ್ತಕದ ಕೆಂಪು ಸಾಲು ಇದ್ದಲ್ಲೇ ಇರಲಿ. ಹನ್ನೊಂದನೆಯ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಹಾಳೆಗಳಿದ್ದವು. ಇವತ್ತು ಬೆಳಿಗ್ಗೆ ಹಳ್ಳದ ದಡದಲ್ಲಿ ಚಪ್ಪಲಿ ಬಿಟ್ಟು, ಬಾಟಲಿ ಅದ್ದಿ, ಇವರ ಕೊನೆಯ ಸಾಲಿನ ಕೆಳಗೆ ನನ್ನ ಕೆಟ್ಟ ಅಕ್ಷರದಲ್ಲಿ ತಾರೀಖು ಹಾಕಿ ಬರೆದೆ: ‘ನೊರೆ ಸೊಂಟದವರೆಗೆ. ವಾಸನೆ ನಿಂಬೆಯದು, ಆದರೆ ನಿಂಬೆ ಅಲ್ಲ. ಉಳಿದದ್ದು ಅವರು ಬರೆದಂತೆ.’

ತಮ್ಮನ್ನು ನಾಲ್ಕು ನಿಮಿಷ ನಿಜವಾದ ನೀರಿನಲ್ಲಿ ಮುಳುಗಿಸಿದ್ದಕ್ಕೆ ಕ್ಷಮೆ ಇರಲಿ. ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿರಬೇಕಿತ್ತು.

ಇಂತು, ಬಕೆಟ್ಟಿನ ಹೊರಗಿನಿಂದ,
ತಮ್ಮ ವಿಶ್ವಾಸಿ,
ನೀರು ನೋಡುತ್ತಿದ್ದವರ ಹೆಂಡತಿ, ಸದ್ಯಕ್ಕೆ ನೀರು ನೋಡುವವಳು

ಮರೆತ ಮಾತು: ತಮ್ಮ ಬಕೆಟ್ಟಿನ ನೀರು ಬದಲಾಯಿಸಿ ಮೂರು ವಾರವಾಯಿತೆಂದೂ, ಅದರಲ್ಲಿ ಸೊಳ್ಳೆಮರಿಗಳು ಸುಖವಾಗಿ ಈಜಾಡುತ್ತಿವೆಯೆಂದೂ ಮೈದುನ ಹೇಳಿದ. ಚೆಲ್ಲಲು ಬಿಡಬೇಡಿ. ಕಾರ್ಖಾನೆಯ ಬೇಲಿಯೊಳಗೆ ಜೀವ ಉಳಿದಿರುವ ನೀರು ಅದೊಂದೇ. ಪ್ರಕೃತಿ ವಿಭಾಗದವರು ತಮ್ಮದೇ ವಿಭಾಗದ ಸಾಧನೆಯೆಂದು ಮುಂದಿನ ವರ್ಷದ ವರದಿಯಲ್ಲಿ ಅದರ ಚಿತ್ರ ಹಾಕಿಕೊಳ್ಳಬಹುದು.