ಹದಿನೆಂಟನೆಯ ಪಾಠ

ನಮ್ಮ ಸಾಹೇಬರಿಗೆ ಭವಿಷ್ಯ ಗೊತ್ತಾಗುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ! ಪೀಣ್ಯದ ಆ ಗೇರ್ ಕಾರ್ಖಾನೆಗೆ ಅವರ ಸಹಾಯಕಿಯಾಗಿ ಸೇರಿದ ಮೊದಲ ವಾರ ನಾನೂ ನಕ್ಕಿದ್ದೆ. ಆದರೆ ಅಲ್ಲಿ ಯಾರು ಕೆಲಸ ಬಿಡುತ್ತಾರೆ ಎಂಬುದು, ಬಿಡುವವನು ಹೆಂಡತಿಗೆ ಹೇಳುವ ಮೊದಲೇ ಇವರಿಗೆ ತಿಳಿದಿರುತ್ತಿತ್ತು. "ಮೂರನೇ ಲೇತಿನವನು ಮುಂದಿನ ವಾರ ಹೋಗ್ತಾನೆ. ಬೇರೆಯವರನ್ನ ನೋಡಿಟ್ಕೋ" ಎನ್ನುವರು. ಮುಂದಿನ ವಾರ ಅವನು ರಾಜೀನಾಮೆ ಹಿಡಿದು ಬಾಗಿಲಲ್ಲಿ ನಿಂತಿರುವನು!

ನನಗೆ ಎಲ್ಲಕ್ಕೂ ಲೆಕ್ಕ ಇಡುವ ಚಾಳಿ. ಮೊದಲ ವರ್ಷ ಸಾಹೇಬರು ಹೇಳಿದ ಭವಿಷ್ಯ ಹದಿನಾಲ್ಕು, ನಿಜವಾದದ್ದು ಹದಿಮೂರು. ಹದಿನಾಲ್ಕನೆಯವನನ್ನು ಇವರೇ ಕರೆದು, ಒಂದು ಗಂಟೆ ಮಾತಾಡಿ, ಉಳಿಸಿಕೊಂಡಿದ್ದರು. ಇದನ್ನು ಸುಳ್ಳಾದ ಭವಿಷ್ಯ ಎಂದು ಬರೆಯಬೇಕೋ ಬೇಡವೋ ತಿಳಿಯದೆ ಡೈರಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

"ಹೇಗೆ ಗೊತ್ತಾಗುತ್ತೆ ಸಾರ್?" ಎಂದು ಕೇಳಿದರೆ, "ಅದನ್ನೆಲ್ಲ ಹೇಳೋಕಾಗಲ್ಲ ಡೈರಿಯಮ್ಮ" ಎಂದು ಕ್ಯಾಂಟೀನಿಗೆ ಎದ್ದು ಹೋಗುವರು. ಮೇಜಿಗೇ ಕಾಫಿ ಬರುವ ಭಾಗ್ಯವಿದ್ದರೂ ದಿನಾ ಹತ್ತು ಗಂಟೆಗೆ ಕೆಲಸಗಾರರ ಕ್ಯಾಂಟೀನಿನಲ್ಲೇ ನಿಂತು ಕುಡಿಯಬೇಕು, ಅದೂ ಹೆಂಡತಿ ಇವರ ಹೆಸರು ಕೆತ್ತಿಸಿ ಕೊಟ್ಟ ಸೊಟ್ಟ ಸ್ಟೀಲ್ ಲೋಟದಲ್ಲಿ. ಬೋಂಡದ ಆಸೆ ಇರಬೇಕೆಂದು ನಾನು ಎಣಿಸಿದ್ದೆ.

ಸಾಹೇಬರು ಪರ್ಸೊನೆಲ್ ಆಫೀಸರ್, ಅಂದರೆ ಕೆಲಸಗಾರರ ನೇಮಕ, ಹಾಜರಿ, ರಜೆ ನೋಡಿಕೊಳ್ಳುವವರು. ಅವರ ಮೇಜಿನ ಮೇಲೆ ಇರುತ್ತಿದ್ದದ್ದು ಎರಡೇ: ಒಂದು ಪಂಚಾಂಗ, ಒಂದು ಕಟ್ಟು ಲಗ್ನಪತ್ರಿಕೆ. ಹೊಸಬರು ಇವರನ್ನು ಪುರೋಹಿತರೆಂದುಕೊಂಡು ನಮಸ್ಕಾರ ಮಾಡಿದ್ದೂ ಉಂಟು! ವಿಷಯ ಇಷ್ಟೇ: ನಮ್ಮ ಕೆಲಸಗಾರರು ಒಂದು ಮದುವೆಗೆ ಹೋದರೆ ನಾಲ್ಕು ದಿನ ನಾಪತ್ತೆ. ಆದ್ದರಿಂದ ಯಾವ ತಿಂಗಳು ಎಷ್ಟು ಮುಹೂರ್ತವಿದೆ ಎಂದು ನೋಡಿ ಇವರು ಉತ್ಪಾದನೆಯ ಯೋಜನೆ ಹಾಕುತ್ತಿದ್ದರು.

ಒಮ್ಮೆ ಮುಖ್ಯ ಕಚೇರಿಯವರು ವೈಟ್‌ಫೀಲ್ಡಿನಿಂದ ಒಬ್ಬ ಸಲಹೆಗಾರನನ್ನು ಕಳಿಸಿದರು. ಅವನ ಲ್ಯಾಪ್‌ಟಾಪಿನಲ್ಲಿ 'ಟ್ಯಾಲೆಂಟ್ ಪ್ಲಾನಿಂಗ್' ಎಂಬ ತಂತ್ರಾಂಶ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಅದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು.

"ನೆಕ್ಸ್ಟ್ ವೀಕ್ ಫುಲ್ ಗ್ರೀನ್ ಸಾರ್!" ಎಂದ.

ಸಾಹೇಬರು ಪಂಚಾಂಗ ತಿರುವಿದರು. "ಗುರುವಾರ, ಶುಕ್ರವಾರ ಎರಡೂ ಒಳ್ಳೆ ಲಗ್ನ ಕಣ್ರೀ. ನಿಮ್ಮ ಹಸಿರೆಲ್ಲ ಛತ್ರದಲ್ಲಿ ಬಾಳೆಎಲೆ ಮುಂದೆ ಕೂತಿರುತ್ತೆ."

ಗುರುವಾರ ಹಾಜರಿ ತೆಗೆದೆ. ಮೆಷಿನ್ ಶಾಪಿನಲ್ಲಿ ಅರವತ್ತೆರಡು ಜನರ ಪೈಕಿ ಬಂದದ್ದು ಇಪ್ಪತ್ತೊಂಬತ್ತು ಮಂದಿ. ಹಾಜರಿಲ್ಲದವರಲ್ಲಿ ಸಲಹೆಗಾರನೂ ಒಬ್ಬ. ಅವನ ಭಾವಮೈದುನನ ಮದುವೆಯಂತೆ!

ನಮ್ಮ ಸಾಹೇಬರ ಇನ್ನೊಂದು ಹುಚ್ಚು, ಉದ್ದನೆಯ ಒಂದು ರಿಜಿಸ್ಟರು. ಅದರಲ್ಲಿ ಕಾರ್ಖಾನೆಯ ಪ್ರತಿಯೊಂದು ಕೆಲಸದ ಮುಂದೆ ಎರಡು ಹೆಸರು ಇರಬೇಕು: ಈಗ ಮಾಡುವವರದು, ಅವರು ಬಾರದಿದ್ದರೆ ಮಾಡಬಲ್ಲವರದು. ಗೇಟಿನ ಕಾವಲಿಗೆ ಎರಡು ಹೆಸರು, ಸಾಂಬಾರಿಗೆ ಎರಡು ಹೆಸರು, ಆಯುಧಪೂಜೆಗೆ ಬೂದುಗುಂಬಳ ಒಡೆಯುವುದಕ್ಕೂ ಎರಡು ಹೆಸರು! "ಒಂದೇ ಹೆಸರಿದ್ರೆ ಅದು ಕೆಲಸ ಅಲ್ಲಮ್ಮ, ಕಂಟಕ" ಎನ್ನುವರು.

ಇಡೀ ರಿಜಿಸ್ಟರಿನಲ್ಲಿ ಕಂಟಕ ಉಳಿದದ್ದು ಫರ್ನೇಸ್ ವಿಭಾಗದಲ್ಲಿ. ಗೇರುಗಳನ್ನು ಕಾಯಿಸಿ, ಎಣ್ಣೆಗಿಳಿಸಿ ಗಟ್ಟಿ ಮಾಡುವ ಜಾಗವದು. ಅಲ್ಲಿನ ಮೇಸ್ತ್ರಿ ಮೂವತ್ತು ವರ್ಷದಿಂದ ಮೀಟರಿನ ಕಡೆ ತಿರುಗಿಯೂ ನೋಡದೆ, ಲೋಹದ ಬಣ್ಣ ನೋಡಿಯೇ ಹದ ಹೇಳುತ್ತಿದ್ದರು. ಬೇರೆ ಯಾರಿಗೂ ಕಲಿಸಿರಲಿಲ್ಲ. ಇನ್ನು ಆರು ತಿಂಗಳಿಗೆ ಅವರ ನಿವೃತ್ತಿ. ಅಷ್ಟರಲ್ಲಿ ಎರಡನೆಯವರು ತಯಾರಾಗದಿದ್ದರೆ ಫರ್ನೇಸ್ ಮುಚ್ಚಿ ಕೆಲಸವನ್ನು ಹೊರಗೆ ಕೊಡುತ್ತೇವೆ ಎಂದು ಮ್ಯಾನೇಜರು ಹೇಳಿಬಿಟ್ಟರು. ಮುಚ್ಚಿದರೆ ಒಂಬತ್ತು ಜನ ಮನೆಗೆ.

ಆ ಒಂಬತ್ತರಲ್ಲಿ ಯಮನೂರಪ್ಪ ಒಬ್ಬರು. ಸಿಂಧನೂರು ಕಡೆಯವರು, ನಲವತ್ತು ದಾಟಿದವರು. ರಾಜಗೋಪಾಲನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಮಗಳನ್ನು ಅದೇ ವರ್ಷ ಅಲ್ಲಿನ ಶಾಲೆಗೆ ಸೇರಿಸಿದ್ದರು. "ನಾ ಕಲೀತೀನ್ರೀ ಸರ. ಮೇಸ್ತ್ರಿ ಕಲಿಸಬೇಕಲ್ರೀ?" ಎಂದರು.

ಸಾಹೇಬರು ನನ್ನನ್ನೂ ರಿಜಿಸ್ಟರನ್ನೂ ಕರೆದುಕೊಂಡು ಫರ್ನೇಸಿಗೆ ಹೋದರು. ಮೇಸ್ತ್ರಿ ಬೆವರು ಒರೆಸಿಕೊಂಡು ರಿಜಿಸ್ಟರನ್ನು ಇಸಿದುಕೊಂಡು ನಿಧಾನವಾಗಿ ಹಾಳೆ ತಿರುವಿದರು. ಒಂದು ಕಡೆ ಬೆರಳು ನಿಂತಿತು.

"ಸಾಹೇಬ್ರೇ, ನೀವೂ ನನ್ ಜೊತೇಲೇ ರಿಟೈರಾಗೋದು ತಾನೇ? ನಿಮ್ ಕೆಲಸದ ಮುಂದೆ ಒಂದೇ ಎಸ್ರು ಐತಲ್ಲ!"

ಬಗ್ಗಿ ನೋಡಿದೆ. ನಿಜ! ಬೂದುಗುಂಬಳಕ್ಕೂ ಎರಡು ಹೆಸರು ಬರೆದ ಮಹಾನುಭಾವರು ತಮ್ಮ ಸಾಲಿನಲ್ಲಿ ತಮ್ಮ ಹೆಸರೊಂದನ್ನೇ ಬರೆದುಕೊಂಡು ಕೂತಿದ್ದರು. ಸಾಹೇಬರ ಕಿವಿ ಕೆಂಪಾಯಿತು.

"ಕಲಿಸಿಬಿಟ್ರೆ ನಾಳೆ ನಮ್ಮನ್ನ ಯಾರ್ ಮೂಸ್ತಾರೆ ಅಂತ ನಿಮ್ಗೂ ಇಂಗೇ ಅನ್ಸಿರ್ಬೇಕು" ಎಂದರು ಮೇಸ್ತ್ರಿ. "ಮೊದ್ಲು ನೀವು ಕಲಿಸಿ. ನೀವೊಂದ್ ಪಾಠ, ನಾನೊಂದ್ ಪಾಠ."

"ನನ್ನ ಕೆಲಸ ಹದಿನೆಂಟು ಪಾಠ ಆಗುತ್ತೆ" ಎಂದರು ಸಾಹೇಬರು, ಗತ್ತಿನಿಂದ.

"ಅಂಗಾರೆ ನಂದೂ ಅದಿನೆಂಟು!"

ಹೀಗೆ ಜಗತ್ತಿನಲ್ಲೇ ವಿಚಿತ್ರವಾದ ಒಪ್ಪಂದವಾಯಿತು. ಸಾಹೇಬರ ಶಿಷ್ಯೆ ನಾನು, ಮೇಸ್ತ್ರಿಯ ಶಿಷ್ಯರು ಯಮನೂರಪ್ಪ, ಅಂಕ ಬರೆಯುವವಳೂ ನಾನೇ. ಸೋಮವಾರ ಸಾಹೇಬರು ನನಗೆ ಪಾಠ ಹೇಳಿದ್ದು ಖಚಿತವಾದ ಮೇಲೆಯೇ ಮೇಸ್ತ್ರಿ ಮಂಗಳವಾರ ಬಾಯಿ ಬಿಡುವರು. ಖಚಿತ ಮಾಡಿಕೊಳ್ಳಲು ನನಗೆ ಪರೀಕ್ಷೆ ಬೇರೆ!

"ನಿನ್ನೆ ಏನ್ ಕಲಿಸಿದ್ರವ್ವಾ?"

"ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿ ಹೆಸರು ನೋಡಬಾರದು ಅಂದ್ರು. ಕೆಳಗೆ ಸುಖಾಗಮನ ಬಯಸುವವರು ಅಂತ ಇರುತ್ತಲ್ಲ, ಅಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ನೋಡಬೇಕು ಅಂದ್ರು."

"ಪರ್ವಾಗಿಲ್ಲ, ಪಾಠ ಗಟ್ಟಿ ಐತೆ. ಯಮ್ನೂರಪ್ಪ, ಬಾರಪ್ಪ ಇಲ್ಲಿ!"

ಒಂದು ವಾರ ಸಾಹೇಬರು ಜ್ವರದಿಂದ ಮಲಗಿದರು. ಮೇಸ್ತ್ರಿಯೂ ಪಾಠ ನಿಲ್ಲಿಸಿದರು. ಕೊನೆಗೆ ನಾನು ಆಸ್ಪತ್ರೆಗೇ ಹೋಗಿ, ಗ್ಲೂಕೋಸ್ ಬಾಟಲಿಯ ಪಕ್ಕದಲ್ಲಿ ಏಳನೆಯ ಪಾಠ ಬರೆದುಕೊಂಡು ಬಂದೆ: ಕೆಲಸಕ್ಕೆ ಬಂದವನನ್ನು ಯಾರ ಜೊತೆ ರೂಮಿನಲ್ಲಿದ್ದೀಯ ಎಂದು ಕೇಳು. ಒಂದೇ ರೂಮಿನವರು ಬಂದರೂ ಜೊತೆಗೆ, ಹೋದರೂ ಜೊತೆಗೆ.

ತಿಂಗಳಿಗೆ ಮೂರು ಪಾಠದಂತೆ ನಡೆದು, ಅಂಕ ಹದಿನೇಳು ಹದಿನೇಳಕ್ಕೆ ಬಂದು ನಿಂತಿತು. ಹದಿನೆಂಟನೆಯದು ಯಾವುದೆಂದು ನನಗೆ ಗೊತ್ತಿತ್ತು: ಭವಿಷ್ಯ ಹೇಳುವ ಗುಟ್ಟು! ಸಾಹೇಬರು ಮಾತ್ರ "ಆಮೇಲೆ, ಆಮೇಲೆ" ಎಂದು ಜಾರಿಕೊಂಡರು. ಮೇಸ್ತ್ರಿಯೂ "ಅವ್ರು ಮುಗಿಸ್ಲಿ" ಎಂದು ಕೂತರು. ಅಷ್ಟರಲ್ಲಿ ಪರೀಕ್ಷೆಯ ದಿನ ಬಂದೇಬಿಟ್ಟಿತು. ಯಮನೂರಪ್ಪ ಒಬ್ಬರೇ ಒಂದು ಕಂತು ಗೇರುಗಳನ್ನು ಹದ ಮಾಡಬೇಕು, ಲ್ಯಾಬಿನವರು ಗಟ್ಟಿತನ ಅಳೆಯಬೇಕು.

ಫರ್ನೇಸಿನ ಬಾಗಿಲ ಮುಂದೆ ಯಮನೂರಪ್ಪ. ಅವರಿಗೆ ಬೆನ್ನು ತಿರುಗಿಸಿ ನಿಂತ ಮೇಸ್ತ್ರಿಗೆ ತಡೆಯಲಾಗುತ್ತಿಲ್ಲ.

"ಏನ್ ಬಣ್ಣ ಐತೆ?"

"ದಾಸವಾಳ್ರೀ."

"ಈಗ?"

"ಇನ್ನೂ ದಾಸವಾಳಾನ."

"ಈಗ ತಗಿ, ತಗಿ!"

"ತಡೀರಿ ಮೇಸ್ತ್ರಿ, ಗಡಿಬಿಡಿ ಮಾಡಬ್ಯಾಡ್ರಿ!"

ಮೂವತ್ತು ವರ್ಷದಲ್ಲಿ ಮೇಸ್ತ್ರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಆಮೇಲೆ ಯಮನೂರಪ್ಪ ತಾವಾಗಿಯೇ "ಕನಕಾಂಬರ ಬಂತು!" ಎಂದು ಕೂಗಿ ಬುಟ್ಟಿಯನ್ನು ಎಣ್ಣೆಗಿಳಿಸಿದರು. ಲ್ಯಾಬಿನವರು ಇಪ್ಪತ್ತು ಗೇರು ಅಳೆದರು, ಇಪ್ಪತ್ತೂ ಸರಿ. ಮ್ಯಾನೇಜರು ಸಹಿ ಹಾಕಿದರು. ಒಂಬತ್ತು ಜನವೂ ಉಳಿದರು. ಮೇಸ್ತ್ರಿ ಕಣ್ಣೊರೆಸಿಕೊಂಡು "ಓಗೆ ಜಾಸ್ತಿ" ಎಂದರು. ಹೊಗೆ ಎಲ್ಲಿತ್ತೋ ನನಗಂತೂ ಕಾಣಲಿಲ್ಲ.

ಆ ವಾರವೇ ಹತ್ತು ಗಂಟೆಗೆ ಸಾಹೇಬರನ್ನು ಕರೆಯಲು ಕ್ಯಾಂಟೀನಿಗೆ ಹೋದೆ. ಅವರು ಆಗಷ್ಟೇ ಅಲ್ಲಿಂದ ಹೋಗಿದ್ದರು. ಅವರು ದಿನಾ ನಿಲ್ಲುವ ಜಾಗದಲ್ಲಿ ಸುಮ್ಮನೆ ನಿಂತೆ. ಎದುರಿಗೆ ಗೋಡೆಯ ಸ್ಟ್ಯಾಂಡಿನಲ್ಲಿ ಕೆಲಸಗಾರರು ಕುಡಿದು ತೊಳೆದಿಟ್ಟ ಲೋಟಗಳು ಸಾಲಾಗಿ ಕವುಚಿದ್ದವು, ಒಂದೊಂದರ ಮೇಲೂ ಮನೆಯವರು ಕೆತ್ತಿಸಿದ ಹೆಸರು. ಒಂದು ಜಾಗ ಖಾಲಿ. ಅದು ಡ್ರಿಲ್ಲಿಂಗ್ ಮೆಷಿನಿನವನದು ಎಂದರು ಕ್ಯಾಂಟೀನಿನವರು. ನಾಲ್ಕು ದಿನಕ್ಕೆ ಅವನ ರಾಜೀನಾಮೆ ಬಂತು!

ಇಷ್ಟೇ ಗುಟ್ಟು. ಕೆಲಸ ಬಿಡಲು ನಿರ್ಧರಿಸಿದವನು ಬಾಯಿ ಬಿಡುವ ಮೊದಲು ಲೋಟವನ್ನು ಮನೆಗೆ ಒಯ್ಯುತ್ತಾನೆ. ಹೆಂಡತಿ ತನಗಾಗಿ ಹೆಸರು ಕೆತ್ತಿಸಿ ಕೊಟ್ಟ ಲೋಟ ಬಿಟ್ಟು ಹೋಗಲು ಯಾರಿಗೆ ಮನಸ್ಸಾಗುತ್ತದೆ?

ಸಾಹೇಬರು ಕೊನೆಯ ದಿನ ಪಂಚಾಂಗ, ಲಗ್ನಪತ್ರಿಕೆ, ರಿಜಿಸ್ಟರು ಎಲ್ಲವನ್ನೂ ನನ್ನ ಮೇಜಿಗೆ ತಂದಿಟ್ಟರು. ಅವರ ಸಾಲಿನಲ್ಲಿ ಎರಡನೆಯ ಹೆಸರು ನನ್ನದಾಗಿತ್ತು. ಮುಂದಿನ ಭಾನುವಾರ ಅವರ ಮನೆಗೆ ಹೋದೆ.

"ಸಾರ್, ಹದಿನೆಂಟನೇದು ಬಾಕಿ ಇದೆ."

ಅವರು ಬಾಳೆಹಣ್ಣಿನ ತಟ್ಟೆ ನನ್ನ ಕಡೆ ಸರಿಸಿದರು. "ಅದನ್ನೂ ಹೇಳ್ಬಿಟ್ರೆ ನೀನ್ಯಾಕಮ್ಮ ಇನ್ನೊಂದು ಭಾನುವಾರ ಬರ್ತೀಯ?"

ನನಗೆ ಗೊತ್ತಾಗಿದೆ ಎಂದು ನಾನು ಹೇಳಲಿಲ್ಲ. ಈವರೆಗೆ ಹನ್ನೊಂದು ಭಾನುವಾರ ಹೋಗಿ ಕೇಳಿದ್ದೇನೆ. ನೀವೂ ಹೇಳಬೇಡಿ.

ಮೊನ್ನೆ ಕ್ಯಾಂಟೀನಿನವರು ಲೋಟದ ಸ್ಟ್ಯಾಂಡು ಒರೆಸುತ್ತಿದ್ದರು. ಸೊಟ್ಟ ಲೋಟವೊಂದನ್ನು ಎತ್ತಿ ಹಿಡಿದು, "ಮೇಡಂ, ಇದು ಹಳೇ ಸಾಹೇಬ್ರದು. ಮರ್ತು ಹೋಗಿದ್ದಾರೆ ಅನ್ಸುತ್ತೆ. ಮನೆಗೆ ಕಳಿಸ್ಬಿಡ್ಲಾ?" ಎಂದರು.

"ಬೇಡಣ್ಣ, ಅಲ್ಲೇ ಇಡಿ" ಎಂದೆ. "ಅವರಿನ್ನೂ ಕೆಲಸ ಬಿಟ್ಟಿಲ್ಲ."